ಹೆಡ್‌ಫೋನ್ ಒಂದು ಕಡೆ ಕೇಳ್ತಿಲ್ವಾ? ಬಿಚ್ಚೋಕೆ ಮುಂಚೆ ಇದನ್ನ ಓದಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಈ ಸಂಚಿಕೆಯನ್ನ ನೀವು ಒಂದೇ ಕಿವೀಲಿ ಕೇಳ್ತಾ ಇದ್ರೆ, ಇದು ನಿಮಗೋಸ್ಕರಾನೇ ಮಾಡಿದ್ದು.

ಈ ಅವಸ್ಥೆ ಎಲ್ಲರಿಗೂ ಗೊತ್ತು. ಹೆಡ್‌ಫೋನಿನ ಒಂದು ಕಡೆ ಸತ್ತುಹೋಗಿರುತ್ತೆ. ಪಿನ್ ಹತ್ತಿರ ವೈರನ್ನ ಒಂಚೂರು ಬಗ್ಗಿಸಿ ಹಿಡಿದ್ರೆ ಸೌಂಡ್ ಬರುತ್ತೆ, ಕೈ ಬಿಟ್ರೆ ಹೋಗುತ್ತೆ. ಅಂಗಡಿಗೆ ತಗೊಂಡು ಹೋದ್ರೆ 'ಇದೆಲ್ಲ ರಿಪೇರಿ ಆಗಲ್ಲ, ಹೊಸದು ತಗೊಳ್ಳಿ' ಅಂತಾರೆ. ಆಗ ಎಷ್ಟೋ ಜನಕ್ಕೆ ಅನ್ಸುತ್ತೆ: ಹೆಂಗೂ ಹೋಗಿದೆ, ಮನೇಲೇ ಬಿಚ್ಚಿ ನೋಡೋಣ.

ನನಗೂ ಹಾಗೇ ಅನ್ನಿಸ್ತು. ಕಿವಿ ಪೂರ್ತಿ ಮುಚ್ಚೋ ಥರದ, 1,800 ರೂಪಾಯಿಯ ವೈರ್ ಹೆಡ್‌ಫೋನ್. ಬಲಗಡೆ ನಿಂತುಹೋಗಿತ್ತು. ಬಲಗಡೆ ಕೇಳ್ತಿಲ್ಲ ಅಂದ್ರೆ ಬಲಗಡೆ ಬಿಚ್ಚಬೇಕು ಅಂದುಕೊಂಡೆ. ಕುಶನ್ ಎಳೆದೆ, ಹರೀತು. ನಾಲ್ಕು ಸ್ಕ್ರೂ ತೆಗೆದೆ. ಒಳಗಿದ್ದ ಸ್ಪೀಕರನ್ನ ಎತ್ತುವಾಗ ಕೂದಲಿನಷ್ಟು ಸಣ್ಣ ತಂತಿಯೊಂದು ಪಟ್ ಅಂತ ಕಿತ್ತು ಬಂತು. ಅಲ್ಲಿಗೆ ಕಥೆ ಮುಗೀತು. ಆಮೇಲೆ ಮೀಟರ್ ತಂದು ಪರೀಕ್ಷೆ ಮಾಡಿದಾಗ ಗೊತ್ತಾಯ್ತು, ವೈರ್ ತುಂಡಾಗಿದ್ದು ಪಿನ್‌ನಿಂದ ಎರಡು ಇಂಚು ದೂರದಲ್ಲಿ. ಸ್ಪೀಕರ್ ಚೆನ್ನಾಗೇ ಇತ್ತು, ಅದನ್ನ ಹಾಳು ಮಾಡಿದ್ದು ನಾನೇ.

ಹಾಗಾಗಿ ಇವತ್ತು ಹೇಳೋದು ಒಂದೇ ವಿಷಯ. ಹುಡುಕೋದು ಮೊದಲ ಕೆಲಸ, ಬಿಚ್ಚೋದು ಕೊನೆ ಕೆಲಸ. ಸರಿಯಾಗಿ ಹುಡುಕಿದ್ರೆ ಎಷ್ಟೋ ಸಲ ಬಿಚ್ಚೋ ಅಗತ್ಯಾನೇ ಬರಲ್ಲ.

ಮೊದಲು: ತೊಂದರೆ ನಿಜವಾಗ್ಲೂ ಹೆಡ್‌ಫೋನಿಂದಾ?

ಅದೇ ಹೆಡ್‌ಫೋನನ್ನ ಬೇರೆ ಫೋನಿಗೆ ಹಾಕಿ ನೋಡಿ. ಬೇರೆ ಹೆಡ್‌ಫೋನನ್ನ ನಿಮ್ಮ ಫೋನಿಗೆ ಹಾಕಿ ನೋಡಿ. ಈ ಎರಡು ನಿಮಿಷದ ಕೆಲಸ ಮಾಡದೇ ಹೊಸದು ಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ. ಅಲ್ಲಿ ಎಡ-ಬಲ ಆಡಿಯೋ ಬ್ಯಾಲೆನ್ಸ್ ಅನ್ನೋ ಗೆರೆ ಇರುತ್ತೆ. ಅದು ಯಾವಾಗ್ಲೋ ಕೈತಪ್ಪಿ ಒಂದು ಕಡೆಗೆ ಸರಿದಿದ್ರೂ ಒಂದು ಕಿವಿ ಸುಮ್ಮನಾಗುತ್ತೆ. ನಡುವಿಗೆ ತನ್ನಿ.

ಮೂರನೇದು, ಫೋನಿನ ತೂತು. ಜೇಬಿನಲ್ಲಿರೋ ಬಟ್ಟೆಯ ನಾರು, ಧೂಳು ಒಳಗೆ ಗಟ್ಟಿಯಾಗಿ ಕೂತಿರುತ್ತೆ. ಪಿನ್ ಪೂರ್ತಿ ಒಳಗೆ ಹೋಗಲ್ಲ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ನಿಧಾನಕ್ಕೆ ತೆಗೀರಿ. ಸೇಫ್ಟಿ ಪಿನ್, ಸೂಜಿ ಬೇಡ.

ಇನ್ನೊಂದು, ಬಿಲ್ ಹುಡುಕಿ. ವಾರಂಟಿ ಇನ್ನೂ ಇದ್ರೆ ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಬಿಚ್ಚಿದ ವಸ್ತುವನ್ನ ಕಂಪನಿಯವರು ಸಾಮಾನ್ಯವಾಗಿ ವಾಪಸ್ ತಗೊಳ್ಳಲ್ಲ.

ಎರಡನೇದು: ಎಲ್ಲಿ ತುಂಡಾಗಿದೆ?

ಬೈಂಡಿಂಗ್ ವೈರನ್ನ ಒಂದೇ ಜಾಗದಲ್ಲಿ ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿದ್ರೆ ತುಂಡಾಗುತ್ತಲ್ಲ? ಹೆಡ್‌ಫೋನ್ ವೈರ್ ಒಳಗೂ ಆಗೋದು ಅದೇ. ಒಳಗಿರೋ ತಾಮ್ರದ ಎಳೆಗಳು ಬಹಳ ಸಣ್ಣ. ಮೇಲಿನ ರಬ್ಬರ್ ಚೆನ್ನಾಗಿ ಕಂಡ್ರೂ ಒಳಗೆ ಎಳೆ ಕಡಿದಿರುತ್ತೆ. ವೈರ್ ಹೆಚ್ಚು ಬಗ್ಗೋದು ಮೂರು ಕಡೆ: ಪಿನ್ ಹತ್ತಿರ, ಮೈಕ್ ಅಥವಾ ವಾಲ್ಯೂಮ್ ಬಟನ್ ಇರೋ ಡಬ್ಬಿ ಹತ್ತಿರ, ಆಮೇಲೆ ವೈರ್ ಕಿವಿಯ ಕಪ್ಪಿಗೆ ಸೇರೋ ಜಾಗ.

ಯಾರಾದ್ರೂ ಮಾತಾಡ್ತಿರೋ ಆಡಿಯೋ ಹಾಕಿ. ಈ ಮೂರೂ ಜಾಗದಲ್ಲಿ ಒಂದೊಂದಾಗಿ ವೈರನ್ನ ಮೆಲ್ಲಗೆ ಅಲ್ಲಾಡಿಸಿ. ಎಲ್ಲಿ ಅಲ್ಲಾಡಿಸಿದಾಗ ಸೌಂಡ್ ಬಂದು ಹೋಗುತ್ತೋ ಅಲ್ಲೇ ರೋಗ.

ಕಿವಿಗೆ ಕೇಳೋ ರೀತೀನೂ ಒಂದು ಸುಳಿವು ಕೊಡುತ್ತೆ. ಒಂದು ಕಡೆ ಮಾತ್ರ ಇಲ್ಲ ಅಂದ್ರೆ ಆ ಕಡೆಯ ವೈರ್ ಅಥವಾ ಸ್ಪೀಕರ್ ಹೋಗಿದೆ. ಕೆಲವು ಸಲ ವಿಚಿತ್ರವಾಗಿರುತ್ತೆ: ಹಾಡಿನಲ್ಲಿ ವಾದ್ಯಗಳೆಲ್ಲ ಕೇಳುತ್ತೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗಿರುತ್ತೆ. ಆಗ ಹೋಗಿರೋದು ಎಡ-ಬಲ ಎರಡಕ್ಕೂ ಕಾಮನ್ ಆಗಿರೋ ಗ್ರೌಂಡ್ ವೈರ್. ಗ್ರೌಂಡ್ ತುಂಡಾದ್ರೆ ಎರಡೂ ಸ್ಪೀಕರ್ ಒಂದರ ಹಿಂದೆ ಒಂದು ಸೇರಿಕೊಂಡು, ಎಡ ಮತ್ತು ಬಲದ ನಡುವಿನ ವ್ಯತ್ಯಾಸ ಮಾತ್ರ ಕೇಳುತ್ತೆ. ಗಾಯಕರ ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ ಇರೋದ್ರಿಂದ ಅದು ಅಳಿಸಿಹೋಗುತ್ತೆ. ಇಂಥ ಹೆಡ್‌ಫೋನಲ್ಲಿ ನನ್ನ ಪಾಡ್‌ಕಾಸ್ಟ್ ಅಂತೂ ಕೇಳೋದೇ ಇಲ್ಲ! ಪಿನ್ ಅರ್ಧ ಹೊರಗಿದ್ರೂ ಹೀಗೇ ಆಗುತ್ತೆ, ಅದಕ್ಕೇ ತೂತು ಕ್ಲೀನ್ ಮಾಡಿ ಅಂದಿದ್ದು.

ಇನ್ನೂ ಖಚಿತವಾಗಿ ಗೊತ್ತಾಗಬೇಕು ಅಂದ್ರೆ ಮಲ್ಟಿಮೀಟರ್ ಬೇಕು. ಪಿನ್ ಮೇಲೆ ಕಪ್ಪು ಉಂಗುರಗಳಿರುತ್ತೆ. ಎರಡು ಉಂಗುರ ಇದ್ರೆ ತುದಿ ಎಡ, ನಡುವಿನದು ಬಲ, ಬುಡ ಗ್ರೌಂಡ್. ಮೂರು ಉಂಗುರ ಇದ್ರೆ ಅದರಲ್ಲಿ ಮೈಕೂ ಇದೆ. ಈಗಿನ ಬಹುಪಾಲು ಫೋನ್‌ಗಳ ಲೆಕ್ಕದಲ್ಲಿ ತುದಿ ಎಡ, ಎರಡನೇದು ಬಲ, ಮೂರನೇದು ಗ್ರೌಂಡ್, ಬುಡದ್ದು ಮೈಕ್.

ಮೀಟರನ್ನ ಓಮ್‌ಗೆ ಇಟ್ಟು ಒಂದು ಕಡ್ಡಿ ತುದಿಗೆ, ಇನ್ನೊಂದು ಗ್ರೌಂಡಿಗೆ ಮುಟ್ಟಿಸಿ. ಹೆಡ್‌ಫೋನ್ ಡಬ್ಬಿ ಮೇಲೆ 16 ಅಥವಾ 32 ಓಮ್ ಅಂತ ಬರೆದಿರುತ್ತಲ್ಲ, ಅದರ ಆಸುಪಾಸಿನ ಸಂಖ್ಯೆ ಬಂದ್ರೆ ಎಡಗಡೆ ಸರಿ ಇದೆ. ಬಲಕ್ಕೂ ಹಾಗೇ ಮಾಡಿ. ಏನೂ ತೋರಿಸ್ದೇ 'ಓಎಲ್' ಅಂತ ಬಂದ್ರೆ ದಾರಿಯಲ್ಲಿ ಎಲ್ಲೋ ತುಂಡಾಗಿದೆ. ವೈರ್ ಅಲ್ಲಾಡಿಸಿದಾಗ ಸಂಖ್ಯೆ ಬಂದು ಹೋದ್ರೆ ತುಂಡಾದ ಜಾಗ ನಿಮ್ಮ ಬೆರಳ ಕೆಳಗೇ ಇದೆ.

ಮೂರನೇದು: ಪಿನ್ ಬದಲಾಯಿಸೋದು

ತೊಂದರೆ ಪಿನ್ ಹತ್ತಿರ ಇದ್ರೆ ಸ್ಪೀಕರ್ ಕಡೆ ಹೋಗೋದೇ ಬೇಡ. ಸ್ಕ್ರೂ ಥರ ತಿರುಗಿಸಿ ಬಿಚ್ಚೋ ಕವರ್ ಇರೋ 3.5 ಎಂಎಂ ಪಿನ್ ತಗೊಳ್ಳಿ. ಬೆಂಗಳೂರಲ್ಲಿ ಇದ್ರೆ ಎಸ್‌ಪಿ ರೋಡಲ್ಲಿ ಸಿಗುತ್ತೆ. ಬೇರೆ ಊರುಗಳಲ್ಲಿ ಟಿವಿ, ಮೊಬೈಲ್ ರಿಪೇರಿಯವರು ಬಿಡಿಭಾಗ ಕೊಳ್ಳೋ ಅಂಗಡಿ ಯಾವುದು ಅಂತ ವಿಚಾರಿಸಿ. ಹಳೇ ಪಿನ್‌ನಲ್ಲಿ ಎಷ್ಟು ಉಂಗುರ ಇತ್ತೋ ಅಷ್ಟೇ ಇರೋದನ್ನ ಕೇಳಿ. ಮೊದಲ ಸಲ ಮಾಡೋವ್ರಿಗೆ ಮೈಕ್ ಇಲ್ಲದ, ಎರಡು ಉಂಗುರದ್ದೇ ಸುಲಭ.

ತುಂಡಾದ ಜಾಗ ದಾಟಿ ಒಂದಿಂಚು ಬಿಟ್ಟು ವೈರ್ ಕತ್ತರಿಸಿ. ಈಗ, ಬೇರೆ ಏನೂ ಮಾಡೋಕೆ ಮುಂಚೆ, ಹೊಸ ಪಿನ್ನಿನ ಕವರನ್ನ ವೈರಿಗೆ ತೂರಿಸಿ. ನಾನು ಎರಡನೇ ಸಲ ತಂಗಿಯ ಇಯರ್‌ಫೋನ್ ಮಾಡುವಾಗ ಎಲ್ಲಾ ಬೆಸುಗೆ ಮುಗಿಸಿ, ಮೀಟರ್ ಇಟ್ಟು ನೋಡಿ, ಖುಷಿಯಾಗಿ ತಲೆ ಎತ್ತಿದ್ರೆ ಕವರ್ ಟೇಬಲ್ ಮೇಲೆ ಕೂತಿತ್ತು. ಎಲ್ಲಾ ಕಿತ್ತು ಮತ್ತೆ ಮೊದಲಿಂದ ಮಾಡಿದೆ.

ವೈರ್ ಸುಲಿದ್ರೆ ಒಳಗೆ ಬಣ್ಣದ ಎಳೆಗಳು ಸಿಗುತ್ತೆ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡಿಗೆ. ತಾಮ್ರದ ಬಣ್ಣದ್ದು ಎರಡು ಇದ್ರೆ ಎರಡನ್ನೂ ಸೇರಿಸಿ ಹೊಸೀರಿ. ಎಲ್ಲಾ ಕಂಪನಿಗಳೂ ಒಂದೇ ಬಣ್ಣ ಬಳಸಲ್ಲ, ಮೀಟರಲ್ಲಿ ಖಚಿತ ಮಾಡ್ಕೊಳ್ಳಿ.

ಹೊಸಬರು ಹೆಚ್ಚು ಸೋಲೋದು ಇಲ್ಲೇ. ಆ ಬಣ್ಣ ಬರೀ ಬಣ್ಣ ಅಲ್ಲ, ಎಳೆ ಎಳೆ ಮುಟ್ಟಿಕೊಳ್ಳದ ಹಾಗೆ ಬಳಿದಿರೋ ವಾರ್ನಿಷ್ ಥರದ ಲೇಪ. ಅದರ ಮೇಲೆ ಬೆಸುಗೆ ಕೂರಲ್ಲ, ಮೀಟರಿಗೂ ಕರೆಂಟ್ ಹರಿಯಲ್ಲ. ಸೋಲ್ಡರಿಂಗ್ ಐರನ್ ತುದಿಯಲ್ಲಿ ಒಂದು ಹನಿ ಸೋಲ್ಡರ್ ಕರಗಿಸಿ, ಎಳೆಯ ತುದಿಯನ್ನ ಆ ಹನಿಯಲ್ಲಿ ಕೆಲವು ಸೆಕೆಂಡ್ ಅದ್ದಿ ಹಿಡೀರಿ. ಲೇಪ ಸುಟ್ಟು ತುದಿ ಬೆಳ್ಳಗೆ ಹೊಳೆಯುತ್ತೆ. ನಡುವೆ ದಾರದ ಹಾಗೆ ನೈಲಾನ್ ಎಳೆ ಇದ್ರೆ ಕತ್ತರಿಸಿ ಹಾಕಿ.

ಆಮೇಲೆ ಒಂದೊಂದು ಎಳೆಯನ್ನ ಅದರದರ ಜಾಗಕ್ಕೆ ಬೆಸೀರಿ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಾಸಿದ್ರೆ ಪಿನ್ನಿನ ಒಳಗಿನ ಪ್ಲಾಸ್ಟಿಕ್ ಕರಗುತ್ತೆ. ಪಿನ್ನಿನ ಬುಡದಲ್ಲಿ ಎರಡು ಕಿವಿ ಇರುತ್ತಲ್ಲ, ಅದನ್ನ ವೈರಿನ ಹೊರ ರಬ್ಬರಿಗೆ ಅಮುಕಿ. ಮುಂದೆ ಎಳೆತ ಬಿದ್ರೆ ರಬ್ಬರ್ ತಡೆಯುತ್ತೆ, ಬೆಸುಗೆ ಉಳಿಯುತ್ತೆ. ಕವರ್ ಮುಚ್ಚೋ ಮುಂಚೆ ಮತ್ತೊಮ್ಮೆ ಮೀಟರ್. ಕಿಟಕಿ ತೆಗೆದಿಡಿ, ಹೊಗೆ ಕುಡೀಬೇಡಿ. ಮಾಮೂಲಿ ಸೋಲ್ಡರಲ್ಲಿ ಸೀಸ ಇರುತ್ತೆ, ಕೈ ತೊಳೆಯದೇ ಏನೂ ತಿನ್ನಬೇಡಿ.

ನಾಲ್ಕನೇದು: ಬಿಚ್ಚಲೇಬೇಕು ಅಂದ್ರೆ

ತುಂಡಾಗಿರೋದು ಕಪ್ಪಿನ ಹತ್ತಿರಾನೇ ಅಂತ ಖಚಿತವಾದ್ರೆ ಮಾತ್ರ ಇಲ್ಲಿಗೆ ಬನ್ನಿ. ಕುಶನ್ ಸಾಮಾನ್ಯವಾಗಿ ಅಂಚಿನ ಸಂದಿಯಲ್ಲಿ ಸಿಕ್ಕಿಸಿರೋದು. ನಾನು ಎಳೆದ ಹಾಗೆ ಎಳೀದೆ, ಒಂದು ಮೂಲೆಯಿಂದ ಸುತ್ತಲೂ ನಿಧಾನಕ್ಕೆ ಬಿಡಿಸ್ತಾ ಬನ್ನಿ. ಅದರ ಕೆಳಗೆ ಸ್ಕ್ರೂ ಸಿಗುತ್ತೆ. ಪ್ರತಿ ಹಂತಕ್ಕೂ ಒಂದು ಫೋಟೋ. ಸ್ಕ್ರೂ ಇಡೋಕೆ ಮನೆಯ ಇಡ್ಲಿ ತಟ್ಟೆ ಚೆನ್ನಾಗಿದೆ, ಒಂದು ಹಂತದ್ದು ಒಂದು ಗುಳಿಗೆ. ಅಮ್ಮನಿಗೆ ವಾಪಸ್ ಕೊಡೋ ಮುಂಚೆ ತೊಳೀರಿ.

ಸ್ಪೀಕರ್ ಹಿಂದೆ ಆಯಸ್ಕಾಂತ ಇರುತ್ತೆ. ಸ್ಕ್ರೂಡ್ರೈವರ್ ಹತ್ತಿರ ತಂದ್ರೆ ಎಳ್ಕೊಳ್ಳುತ್ತೆ, ಮುಂದಿನ ತೆಳು ಪೊರೆ ತೂತಾಗುತ್ತೆ. ಪೊರೆ ಮುಟ್ಟಬೇಡಿ. ಹಿಂಭಾಗದಲ್ಲಿ ಹೊರಗಿನ ವೈರ್ ಸೇರೋ ಎರಡು ಬೆಸುಗೆ ಚುಕ್ಕೆಗಳಿವೆ, ನಿಮ್ಮ ಕೆಲಸ ಅಷ್ಟಕ್ಕೇ. ಅಲ್ಲಿಂದ ಸ್ಪೀಕರ್ ಒಳಕ್ಕೆ ಹೋಗೋ ಕೂದಲಿನಂಥ ತಂತಿಯ ತಂಟೆಗೆ ಹೋಗಬೇಡಿ. ಆ ಎರಡು ಚುಕ್ಕೆಗೆ ನೇರವಾಗಿ ಮೀಟರ್ ಇಟ್ರೂ 'ಓಎಲ್' ಬಂದ್ರೆ ಸ್ಪೀಕರಿನ ಸುರುಳಿಯೇ ಹೋಗಿದೆ. ಅಗ್ಗದ ಹೆಡ್‌ಫೋನಿಗೆ ಅಲ್ಲಿಂದ ಮುಂದೆ ಖರ್ಚು ಮಾಡೋದು ಬೇಡ.

ಬ್ಲೂಟೂತ್ ಇದ್ರೆ ನಿಲ್ಲಿ

ನೆಕ್‌ಬ್ಯಾಂಡ್, ಇಯರ್‌ಬಡ್ಸ್ ಎಲ್ಲದರ ಒಳಗೂ ಲಿಥಿಯಂ ಬ್ಯಾಟರಿ ಇರುತ್ತೆ. ಎಷ್ಟೋ ನೆಕ್‌ಬ್ಯಾಂಡಲ್ಲಿ ಅದು ತೆಳು ಹಾಳೆಯ ಚೀಲದ ಥರದ್ದು. ಚಾಕು ಹಾಕಿ ಮೀಟುವಾಗ ಅದಕ್ಕೆ ತೂತಾದ್ರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಉಬ್ಬಿರೋ ಬ್ಯಾಟರಿಯನ್ನ ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಇದು ಹೊಸಬರ ಕೆಲಸ ಅಲ್ಲ.

ಇಯರ್‌ಬಡ್ಸ್ ಬಹುಪಾಲು ಅಂಟಿನಿಂದ ಮುಚ್ಚಿರೋವು. ತೆರೆದ್ರೆ ನೀರು ತಡೆಯೋ ಗುಣ ಹೋಗುತ್ತೆ, ಎಷ್ಟೋ ಸಲ ಮತ್ತೆ ಕೂರೋದೇ ಇಲ್ಲ. ಒಂದು ಬಡ್ ಕೇಳ್ತಿಲ್ಲ ಅಂದ್ರೆ ತೆರೆಯೋದು ಬಿಟ್ಟು ಇಷ್ಟು ಮಾಡಿ: ಬಡ್ಡಿನಲ್ಲೂ ಕೇಸಿನಲ್ಲೂ ಇರೋ ಚಾರ್ಜಿಂಗ್ ಚುಕ್ಕೆಗಳನ್ನ ಒಣ ಹತ್ತಿ ಕಡ್ಡಿಯಿಂದ ಒರೆಸಿ, ಜಾಲರಿಯಲ್ಲಿ ಕಟ್ಟಿರೋ ಗುಗ್ಗೆಯನ್ನ ಮೆತ್ತನೆ ಬ್ರಶ್‌ನಿಂದ ತೆಗೀರಿ, ಫೋನಲ್ಲಿ ಪೇರಿಂಗ್ ಅಳಿಸಿ ರೀಸೆಟ್ ಮಾಡಿ. ಎಷ್ಟೋ ಬಡ್ 'ಸತ್ತಿರೋದು' ಚಾರ್ಜ್ ಆಗದೇ ಇರೋದಕ್ಕೆ.

ಕೊನೆಗೆ ಲೆಕ್ಕ

ಕಾಮರ್ಸ್ ಓದಿದವರ ಚಟ, ಲೆಕ್ಕ ಹಾಕದೇ ಇರೋಕಾಗಲ್ಲ. ನನಗೆ ಐರನ್, ಸೋಲ್ಡರ್, ಮೀಟರ್ ಎಲ್ಲಾ ಸೇರಿ 700 ರೂಪಾಯಿ ಆಯ್ತು. ಪಿನ್ನಿಗೆ 30. ಅಂದ್ರೆ 500 ರೂಪಾಯಿಯ ಒಂದೇ ಒಂದು ಇಯರ್‌ಫೋನ್ ಉಳಿಸೋಕೆ 730 ಹಾಕಿದ್ರೆ ಅದು ನಷ್ಟಾನೇ. ಆದ್ರೆ 700 ಒಂದೇ ಸಲದ ಖರ್ಚು. ಎರಡನೇ ರಿಪೇರಿಗೆ ಲೆಕ್ಕ ಸರಿಹೋಗುತ್ತೆ, ಮೂರನೇದರಿಂದ ಬರೀ 30. ಮೊದಲ ರಿಪೇರಿಗೆ ಗೆಳೆಯರ ಹತ್ತಿರ ಸಾಮಾನು ಎರವಲು ಕೇಳಿ. ಇಲ್ಲಾಂದ್ರೆ ತೊಂದರೆ ಎಲ್ಲಿದೆ ಅಂತ ಹುಡುಕಿಟ್ಟುಕೊಂಡು, ಬೆಸುಗೆ ಮಾತ್ರ ಅಂಗಡಿಯಲ್ಲಿ ಮಾಡಿಸಿ. 'ರಿಪೇರಿ ಮಾಡಿ' ಅನ್ನೋದಕ್ಕೂ 'ಈ ಪಿನ್ ಬದಲಾಯಿಸಿ' ಅನ್ನೋದಕ್ಕೂ ಸಿಗೋ ಉತ್ತರ ಬೇರೆ.

ಇನ್ನೊಂದು ಮಾತು. ನಾನು 1,800 ಕೊಟ್ಟಿದ್ದೆ ಅನ್ನೋ ಸಂಕಟದಲ್ಲೇ ಆತುರ ಪಟ್ಟು ಬಿಚ್ಚಿದ್ದು. ಆ ದುಡ್ಡು ಅವತ್ತೇ ಹೋಗಿತ್ತು. ಕೇಳಬೇಕಾಗಿದ್ದ ಪ್ರಶ್ನೆ: ಇವತ್ತು ಇದನ್ನ ಸರಿ ಮಾಡೋಕೆ ಎಷ್ಟು, ಹೊಸದಕ್ಕೆ ಎಷ್ಟು?

ರಿಪೇರಿ ಬಗ್ಗೆ ಸರ್ಕಾರವೂ ಮಾತಾಡ್ತಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ಕ್ಕೆ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಮೊಬೈಲ್, ಎಲೆಕ್ಟ್ರಾನಿಕ್ಸ್ ಕೂಡ ಅದರ ವ್ಯಾಪ್ತಿಯಲ್ಲಿದೆ. ಕೊಳ್ಳುವಾಗ ನಾವೂ ಒಂದು ಪ್ರಶ್ನೆ ಕೇಳಬಹುದು: ಇದರ ವೈರ್ ಕಳಚಿ ಬದಲಾಯಿಸೋಕೆ ಆಗುತ್ತಾ? ಆಗೋದಾದ್ರೆ ಇವತ್ತು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಮಗೆ ಬೇಕಾಗೋದೇ ಇಲ್ಲ.

ನನ್ನ ಆ ಹಳೇ ಹೆಡ್‌ಫೋನ್ ಇನ್ನೂ ಡ್ರಾಯರಲ್ಲಿದೆ. ಅದರ ಎಡಗಡೆ ಇನ್ನೂ ಹಾಡುತ್ತೆ. ಬೆಸುಗೆ ಕಲಿಯೋಕೆ ಅದರ ವೈರನ್ನೇ ತುಂಡು ತುಂಡು ಮಾಡಿ ಬಳಸಿದೆ. ನಿಮ್ಮ ಮನೇಲೂ ಹಾಗೊಂದು ಬಿದ್ದಿರುತ್ತೆ. ಮೊದಲ ಪ್ರಯೋಗ ಅದರ ಮೇಲೆ ಮಾಡಿ, ಚೆನ್ನಾಗಿರೋದರ ಮೇಲೆ ಬೇಡ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಷ್ಟರಲ್ಲಿ ಎರಡೂ ಕಿವಿ ಸರಿಹೋದ್ರೆ ತಿಳಿಸಿ.