ಪಶುಸಂಗೋಪನಾ ಡಿಪ್ಲೊಮಾ ಶಿಕ್ಷಣಕ್ಕೆ ಅರ್ಜಿ ಹಾಕುವ ಕ್ರಮ

ಚಿತ್ರದುರ್ಗದ ಬೆಟ್ಟದ ತಪ್ಪಲಿನ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿರುವುದು ಈ ಸೀಮೆಯವರಿಗೆಲ್ಲ ತಿಳಿದ ವಿಷಯವೇ ಆಗಿದೆ. ಆ ಶಾಸನವು ಹೇಳುವುದು ಒಂದು ಕೆರೆಯ ಕೆಲಸವನ್ನು. ಮಳೆ ಕಡಿಮೆಯಾದ ಈ ಪ್ರಾಂತದಲ್ಲಿ ನೀರನ್ನು ನಿಲ್ಲಿಸುವುದು ಎಷ್ಟು ಮುಖ್ಯವೋ, ಆ ನೀರನ್ನು ಕುಡಿದು ಬದುಕುವ ದನಕುರಿಗಳನ್ನು ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯವಾದುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮಳೆ ತಪ್ಪಿದ ವರ್ಷ ಹೊಲದ ರಾಗಿ, ಶೇಂಗಾ ಕೈಗೆ ಬಾರದಿದ್ದರೂ, ಹಟ್ಟಿಯ ಕುರಿಯೂ ಕೊಟ್ಟಿಗೆಯ ಹಸುವೂ ಸಂಸಾರವನ್ನು ನಡೆಸುತ್ತವೆ. ಇವುಗಳ ಆರೈಕೆಯನ್ನು ಶಾಸ್ತ್ರೀಯವಾಗಿ ಕಲಿತ ಒಬ್ಬನಾದರೂ ಪ್ರತಿ ಗ್ರಾಮದಲ್ಲಿಯೂ ಇರತಕ್ಕದ್ದು.

ಪೂರ್ವದಲ್ಲಿ ದೊಡ್ಡರೋಗವು ಊರಿಗೆ ಹೊಕ್ಕಿತೆಂದರೆ ಕೊಟ್ಟಿಗೆಗಳು ಬರಿದಾಗುತ್ತಿದ್ದುವು. ಅದರ ನಿವಾರಣೆಗೆ ಬೇಕಾದ ಸೀರಮ್ಮನ್ನು ತಯಾರಿಸುವ ಸಲುವಾಗಿ ಮೈಸೂರು ಸಂಸ್ಥಾನದವರು 1925ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಆ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲ್ಪಟ್ಟಿತು. ಈ ಜಯವು ಕೇವಲ ಔಷಧದಿಂದ ಬಂದುದಲ್ಲ; ಲಸಿಕೆಯನ್ನು ಕೆಡದಂತೆ ತಂಪಿನಲ್ಲಿಟ್ಟು, ಊರೂರಿಗೆ ಒಯ್ದು, ರಾಸು ರಾಸಿಗೂ ಹಾಕಿದ ಸಹಾಯಕರ ದುಡಿಮೆಯಿಂದಲೂ ಬಂದುದು. ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ರೋಗ, ಕುರಿಗಳ ಕರುಳುಬೇನೆ ಮೊದಲಾದುವು ಇನ್ನೂ ಇರುವುದರಿಂದ ಅಂತಹ ಸಹಾಯಕರ ಅವಶ್ಯಕತೆಯೂ ತೀರಿಲ್ಲ.

ಶಿಕ್ಷಣದ ಎರಡು ಮಾರ್ಗಗಳು

ಪಶುಗಳ ವಿದ್ಯೆಯನ್ನು ಕಲಿಯಲು ಎರಡು ಬೇರೆ ಬೇರೆ ಮಾರ್ಗಗಳಿವೆ. ಅನೇಕ ತಂದೆತಾಯಿಗಳು ಇವೆರಡನ್ನೂ ಒಂದೇ ಎಂದು ತಿಳಿದು ತೊಂದರೆಗೆ ಒಳಗಾಗುತ್ತಾರೆ.

ಮೊದಲನೆಯದು ಪಶುವೈದ್ಯ ಪದವಿ. ಇದು ತರಬೇತಿಯ ಅವಧಿಯೂ ಸೇರಿ ಐದೂವರೆ ವರ್ಷದ ವ್ಯಾಸಂಗ. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿ, ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಕಾಲೇಜಲ್ಲದೆ ಶಿವಮೊಗ್ಗ, ಹಾಸನ, ಬೀದರ್ ಮೊದಲಾದ ಕಡೆಗಳಲ್ಲಿಯೂ ಕಾಲೇಜುಗಳಿವೆ. ಕೃಷಿಕರ ಮಕ್ಕಳಿಗಾಗಿ ಕೆಲವು ಸ್ಥಾನಗಳು ಮೀಸಲಾಗಿದ್ದು, ಅವುಗಳನ್ನು ಬಯಸುವವರಿಗೆ ಬೇಸಾಯದ ವಿಷಯದಲ್ಲಿ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಹೊಲವನ್ನೇ ಮೆಟ್ಟದೆ ಬೆಳೆದ ಹುಡುಗನಿಗೆ ಪಹಣಿಯ ಕಾಗದವೊಂದೇ ಅಲ್ಲಿ ನೆರವಾಗದು.

ಎರಡನೆಯದು ಪಶುಸಂಗೋಪನಾ ಡಿಪ್ಲೊಮಾ. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರಿಗೆ ಇದು ಎರಡು ವರ್ಷದ ವ್ಯಾಸಂಗ, ಬೋಧನೆ ಕನ್ನಡದಲ್ಲಿ. ಬೀದರಿನಲ್ಲಿ ಕೇಂದ್ರಸ್ಥಾನವುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಒಳಪಟ್ಟ ಪಾಲಿಟೆಕ್ನಿಕ್ಕುಗಳಲ್ಲಿ ಇದು ನಡೆಯುತ್ತದೆ. ತಿಪಟೂರಿನ ಬಳಿಯ ಕೊನೇಹಳ್ಳಿ, ಹಾಸನದ ಬಳಿಯ ಕೋರವಂಗಲ, ಹಾವೇರಿ ಜಿಲ್ಲೆಯ ಶಿಗ್ಗಾಂವಿ ಇವು ಅಂತಹ ಸ್ಥಳಗಳು. ಇವುಗಳಲ್ಲಿ ಕೊನೇಹಳ್ಳಿಯು ಹೊಸದುರ್ಗ, ಹಿರಿಯೂರು ಕಡೆಯವರಿಗೆ ಹೆಚ್ಚು ದೂರವಲ್ಲ. ಪರಸ್ಥಳದ ವಾಸಕ್ಕೂ ಇಂಗ್ಲಿಷ್ ಬೋಧನೆಗೂ ಅಂಜುವ ಹಳ್ಳಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಸಹ, ಈ ಮಾರ್ಗವು ಅನುಕೂಲವಾದುದು.

ಅರ್ಜಿಗೆ ಮುಂಚಿತವಾಗಿ ಮಾಡತಕ್ಕ ಸಿದ್ಧತೆ

ಎಸ್.ಎಸ್.ಎಲ್.ಸಿ. ಫಲಿತಾಂಶವು ಹೊರಬಿದ್ದ ತರುವಾಯ ವಿಶ್ವವಿದ್ಯಾನಿಲಯದವರು ಅರ್ಜಿಗಳನ್ನು ಕರೆದು ಪ್ರಕಟಣೆ ಹೊರಡಿಸುತ್ತಾರೆ. ವಯಸ್ಸು, ಶುಲ್ಕ, ಮೀಸಲಾತಿ, ಕಡೆಯ ದಿನ ಇವುಗಳಿಗೆ ಆ ವರ್ಷದ ಪ್ರಕಟಣೆಯೇ ಪ್ರಮಾಣ. ಹಿಂದಿನ ವರ್ಷದ ಮಾತನ್ನಾಗಲಿ, ಸಂತೆಯಲ್ಲಿ ಕೇಳಿದ ಸುದ್ದಿಯನ್ನಾಗಲಿ ನಂಬಿ ಕುಳಿತಿರಬಾರದು.

ಅಂಕ ಸಾಲದೆ ಸ್ಥಾನ ತಪ್ಪಿದರೆ ಅದು ಬೇರೆ ಮಾತು; ಕಾಗದ ಸಾಲದೆ ತಪ್ಪಿದರೆ ಅದು ಹಿರಿಯರ ಲೋಪವೆನ್ನಬೇಕು. ಕಡೆಯ ದಿನಕ್ಕೆ ಮೂರು ದಿನವಿರುವಾಗ ನಾಡಕಚೇರಿಯ ಬಾಗಿಲಿಗೆ ಹೋದವನಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರವು ಆ ಕ್ಷಣವೇ ದೊರೆಯಲಾರದು. ಆದುದರಿಂದ ಪರೀಕ್ಷೆ ಮುಗಿದು ಫಲಿತಾಂಶ ಬರುವ ನಡುವಣ ವಾರಗಳಲ್ಲಿಯೇ ಈ ಕೆಳಗಿನವುಗಳನ್ನು ಕೂಡಿಸಿಡುವುದು ಉತ್ತಮ:

1. ಜಾತಿ ಮತ್ತು ಆದಾಯದ ಪ್ರಮಾಣಪತ್ರ.

2. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ. ಗ್ರಾಮಾಂತರ ಹಾಗೂ ಕನ್ನಡ ಮಾಧ್ಯಮದ ಮೀಸಲಾತಿಗೆ ಮುಖ್ಯೋಪಾಧ್ಯಾಯರ ರುಜುವಿನೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಬೇಕಾಗುವುದುಂಟು. ಎರಡು ಮೂರು ಶಾಲೆಗಳಲ್ಲಿ ಓದಿದವರು ಪ್ರತಿಯೊಂದರಿಂದಲೂ ಪಡೆಯಬೇಕು.

3. ಕುಟುಂಬದ ಜಮೀನಿನ ಪಹಣಿ ಮತ್ತು ಕೃಷಿಕ ಕುಟುಂಬವೆಂಬ ಪ್ರಮಾಣಪತ್ರ. ಖಾತೆಯು ಇನ್ನೂ ಅಜ್ಜನ ಹೆಸರಿನಲ್ಲಿಯೇ ಉಳಿದಿದ್ದರೆ ವಂಶವೃಕ್ಷವನ್ನೂ ಮಾಡಿಸಿಡತಕ್ಕದ್ದು.

4. ಅಂಕಪಟ್ಟಿ, ವರ್ಗಾವಣೆ ಪತ್ರ, ಭಾವಚಿತ್ರಗಳು.

ಎಲ್ಲ ಕಾಗದಗಳಲ್ಲಿಯೂ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಒಂದೇ ರೀತಿಯಾಗಿರುವುವೋ ಎಂದು ನೋಡಬೇಕು. ಒಂದಕ್ಷರದ ವ್ಯತ್ಯಾಸವೂ ತೊಡಕಾಗಬಹುದು. ಮೂಲಪತ್ರಗಳನ್ನು ಯಾವ ಮಧ್ಯವರ್ತಿಯ ಕೈಗೂ ಕೊಡಬಾರದು. ಸ್ಥಾನ ಕೊಡಿಸುವೆನೆಂದು ಹಣ ಕೇಳುವವನ ಮಾತಿಗೆ ಮರುಳಾಗಬಾರದು.

ಡಿಪ್ಲೊಮಾ ಪಡೆದವನು ಏನು ಮಾಡಬಹುದು

ಈ ವಿಷಯದಲ್ಲಿ ಭ್ರಮೆಯಿರಬಾರದು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಮೇರೆಗೆ, ಪಶುಗಳಿಗೆ ಚಿಕಿತ್ಸೆ ಮಾಡುವ ಅಧಿಕಾರವು ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಅಥವಾ ಪ್ರಮಾಣಪತ್ರವುಳ್ಳವರು ಅಂತಹ ವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಕಟ್ಟು ಕಟ್ಟುವುದು ಮೊದಲಾದ ಪ್ರಾಥಮಿಕ ಸೇವೆಗಳನ್ನು ಮಾತ್ರ ಮಾಡಬಹುದು. ಅಮೆರಿಕ ದೇಶದಲ್ಲಿಯೂ ಇದೇ ಪದ್ಧತಿ. ಅಲ್ಲಿ ಸುಮಾರು ಎರಡು ವರ್ಷ ಕಾಲೇಜಿನಲ್ಲಿ ಕಲಿತ ಪಶುವೈದ್ಯ ತಂತ್ರಜ್ಞರು ವೈದ್ಯರಿಗೆ ಬಲಗೈಯಾಗಿ ದುಡಿಯುತ್ತಾರೆ; ಆದರೆ ರೋಗ ನಿರ್ಣಯ, ಔಷಧ ಬರೆದುಕೊಡುವುದು, ಶಸ್ತ್ರಕ್ರಿಯೆ ಇವು ಅವರಿಗೆ ಸಲ್ಲುವುದಿಲ್ಲ.

ಡಿಪ್ಲೊಮಾ ದೊರೆತ ಮಾತ್ರಕ್ಕೆ ಸರ್ಕಾರಿ ಚಾಕರಿ ಖಂಡಿತವೆಂದೂ ತಿಳಿಯಬಾರದು. ಹುದ್ದೆಗಳಿಗೆ ಕರೆ ಬಂದಾಗ ಅರ್ಜಿ ಹಾಕಿ ಆಯ್ಕೆಯಾಗಬೇಕು. ಆದರೆ ಸ್ವಂತ ಹೈನು, ಕುರಿ, ಕೋಳಿ ಸಾಕುವವನಿಗೆ ಈ ವಿದ್ಯೆ ಎಂದಿಗೂ ವ್ಯರ್ಥವಾಗದು. ಮೇವಿನ ಲೆಕ್ಕ, ಬೆದೆಯ ಗುರುತು, ಕರುವಿನ ಪಾಲನೆ, ರೋಗದ ಮೊದಲ ಲಕ್ಷಣ ಇವನ್ನು ತಿಳಿದು, ತಡಮಾಡದೆ ವೈದ್ಯರನ್ನು ಕರೆಸುವವನ ಕೊಟ್ಟಿಗೆಯಲ್ಲಿ ನಷ್ಟ ಕಡಿಮೆ.

ಗ್ರಾಮದ ಹಿರಿಯರ ಕರ್ತವ್ಯ

ಯಾರನ್ನು ಕಳುಹಿಸಬೇಕೆಂಬುದನ್ನು ಊರಿನ ಹಿರಿಯರು ಯೋಚಿಸತಕ್ಕದ್ದು. ಬೇರೆಲ್ಲಿಯೂ ಸ್ಥಾನ ಸಿಕ್ಕದವನನ್ನು ಇಲ್ಲಿಗೆ ತಳ್ಳುವುದು ಸರಿಯಲ್ಲ. ನಡುರಾತ್ರಿ ಕರು ಹಾಕುವ ಹಸುವಿನ ಪಕ್ಕದಲ್ಲಿ ಬೇಸರವಿಲ್ಲದೆ ಕೂರುವ, ಸಗಣಿಗೆ ಹೇಸದ, ಒದೆಯುವ ಎತ್ತಿಗೆ ಕೋಪಿಸದ ಹುಡುಗನೋ ಹುಡುಗಿಯೋ ಇದಕ್ಕೆ ತಕ್ಕವರು. ಅಂತಹವರು ಬಹುಮಟ್ಟಿಗೆ ಕುರಿ ಕಾಯುವವರ ಮನೆಯಲ್ಲಿಯೂ ಸಣ್ಣ ಹಿಡುವಳಿದಾರರ ಮನೆಯಲ್ಲಿಯೂ ಇರುತ್ತಾರೆ. ಪ್ರಕಟಣೆಯ ಸುದ್ದಿ ತಲುಪದಿರುವುದೂ ಆ ಮನೆಗಳಿಗೇ. ಜಮೀನುದಾರರು ಆ ಸುದ್ದಿಯನ್ನು ಅವರಿಗೆ ಮುಟ್ಟಿಸಿ, ಅರ್ಜಿಯನ್ನು ತುಂಬಿಸಿ, ಕಚೇರಿಗೆ ಒಮ್ಮೆ ಜೊತೆಯಲ್ಲಿ ಹೋಗಿ ಬಂದರೆ ಅದರ ಖರ್ಚು ಅತ್ಯಲ್ಪ. ಮುಂದೆ ಹಟ್ಟಿಗೆ ಬೇನೆ ಹೊಕ್ಕ ದಿನ ಲಸಿಕೆಯ ಪೆಟ್ಟಿಗೆಯನ್ನು ಹಿಡಿದು ಬರುವವನು ಅದೇ ಊರಿನ ಮಗನಾಗಿದ್ದರೆ, ಅದರ ಲಾಭವು ಇಡೀ ಗ್ರಾಮದ್ದು.