ಅಟ್ಟದ ಮೇಲಿನ ಸಿಡಿ ಸೆಟ್ ಕೆಳಗಿಳಿಸ್ತಿದ್ದೀರಾ? ಪ್ಲಗ್ ಹಾಕೋ ಮೊದಲು ಇದನ್ನೊಮ್ಮೆ ಓದಿ

ನಂದಿಗುಡಿ (ಹರಿಹರ): ಹಬ್ಬಕ್ಕೆ ಮನೆ ಸುಣ್ಣ ಹೊಡೆಸೋವಾಗ ಅಟ್ಟದಿಂದ ಏನೇನೋ ಇಳಿಯುತ್ತೆ. ಹಿತ್ತಾಳೆ ಕೊಡ, ಹಳೇ ಕಂದೀಲು, ಅದರ ಪಕ್ಕದಲ್ಲಿ ಧೂಳು ಹಿಡಿದ ಒಂದು ಸಿಡಿ ಸೆಟ್, ಎರಡು ಸ್ಪೀಕರ್ ಡಬ್ಬಿ. ಜೊತೆಗೊಂದು ಪ್ಲಾಸ್ಟಿಕ್ ಕವರ್‌ನಲ್ಲಿ ಸಿಡಿಗಳ ಕಟ್ಟು. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ, ಸಿ. ಅಶ್ವತ್ಥರ ಭಾವಗೀತೆ, ರಾಜ್‌ಕುಮಾರ್ ಭಕ್ತಿಗೀತೆ. ಅದರ ನಡುವೆ ಮಾರ್ಕರ್ ಪೆನ್ನಲ್ಲಿ 'ಅಪ್ಪಾಜಿ ಭಜನೆ' ಅಂತ ಬರೆದ ಒಂದು ಬಿಳಿ ಸಿಡಿ.

ಅಂಗಡಿಯಲ್ಲಿ ಕೊಂಡ ಸಿಡಿ ಹಾಳಾದರೆ ಆ ಹಾಡು ಮೊಬೈಲ್‌ನಲ್ಲಾದರೂ ಸಿಗುತ್ತೆ. ತೀರಿಹೋದ ಅಪ್ಪಾಜಿಯ ಧ್ವನಿ ಇರೋ ಆ ಒಂದು ಸಿಡಿ ಹೋದರೆ ಎಲ್ಲೂ ಸಿಗೋದಿಲ್ಲ. ಹಾಗಾಗಿ ಸೆಟ್ ಜೋಡಿಸೋದು ಹೇಗೆ, ಬಳಸೋದು ಹೇಗೆ, ಆ ಸಿಡಿ ಉಳಿಸಿಕೊಳ್ಳೋದು ಹೇಗೆ ಅನ್ನೋದನ್ನ ಇಲ್ಲಿ ಒಂದೊಂದಾಗಿ ಹೇಳ್ತೀವಿ.

ಏನಿದು ಸಿಡಿ ರಿಸೀವರ್?

ಸಿಡಿ ಪ್ಲೇಯರ್, ರೇಡಿಯೋ, ಆಂಪ್ಲಿಫೈಯರ್ ಮೂರೂ ಒಂದೇ ಡಬ್ಬಿಯಲ್ಲಿದ್ದರೆ ಅದು ಸಿಡಿ ರಿಸೀವರ್. ಸ್ಪೀಕರ್ ಮಾತ್ರ ಹೊರಗೆ ಜೋಡಿಸಬೇಕು. ನಮ್ಮ ಕಡೆ 'ಸೆಟ್' ಅಂತಲೇ ಕರೀತೀವಿ.

ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ ರೂಪಿಸಿದ ಸಿಡಿ 1982ರಲ್ಲಿ ಜಪಾನ್ ಮಾರುಕಟ್ಟೆಗೆ ಬಂತು. ತಟ್ಟೆಯ ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಸಾಮಾನ್ಯವಾಗಿ 74 ನಿಮಿಷದ ಹಾಡು ಹಿಡಿಸುತ್ತೆ. ಒಂದು ಸೆಕೆಂಡಿನ ಶಬ್ದವನ್ನ 44,100 ತುಣುಕು ಮಾಡಿ ಅಂಕಿಗಳಾಗಿ ಬರೆದಿರ್ತಾರೆ. ಕಣ್ಣಿಗೆ ಕಾಣದ ಲೇಸರ್ ಬೆಳಕು ಅದನ್ನ ಒಳಸುತ್ತಿನಿಂದ ಹೊರಸುತ್ತಿಗೆ ಓದ್ತಾ ಹೋಗುತ್ತೆ. ಗ್ರಾಮಫೋನ್ ತಟ್ಟೆ ಹೊರಗಿನಿಂದ ಒಳಗೆ ಓಡಿದರೆ, ಸಿಡಿಯದು ಉಲ್ಟಾ.

ಮೊದಲ ಕೆಲಸ: ಹಿಂಬದಿಯ ವೋಲ್ಟೇಜ್ ಓದಿ

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳ್ತೀನಿ. ಅಮೆರಿಕದಲ್ಲಿದ್ದ ಅಣ್ಣ ಊರಿಗೆ ಬರೋವಾಗ ಒಂದು ಸೆಟ್ ತಂದಿದ್ದ. ಪ್ಲಗ್ ನಮ್ಮ ಸಾಕೆಟ್‌ಗೆ ಕೂರಲಿಲ್ಲ ಅಂತ ಒಂದು ಕನ್ವರ್ಟರ್ ಪಿನ್ ತಂದು ಚುಚ್ಚಿದ್ವಿ. 'ಟಪ್' ಅಂತ ಒಂದು ಸದ್ದು, ಸುಟ್ಟ ವಾಸನೆ, ಅಷ್ಟೇ. ಒಂದು ಹಾಡೂ ಕೇಳಲಿಲ್ಲ. ಪಿನ್ ಬದಲಾಯಿಸಿದರೆ ಕರೆಂಟ್ ಬದಲಾಗಲ್ಲ ಅನ್ನೋದು ನಮಗೆ ಗೊತ್ತಿರಲಿಲ್ಲ.

ನಮ್ಮ ಮನೆಗಳಿಗೆ ಬರೋದು 230 ವೋಲ್ಟ್. ಅಮೆರಿಕದಲ್ಲಿ 120, ಜಪಾನ್‌ನಲ್ಲಿ 100 ವೋಲ್ಟ್. ಸೆಟ್ ಹಿಂದೆ ಅಂಟಿಸಿರೋ ಚೀಟಿಯಲ್ಲಿ '220–240' ಅಥವಾ '100–240' ಅಂತ ಇದ್ದರೆ ಧೈರ್ಯವಾಗಿ ಹಾಕಿ. ಬರೀ '120' ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದರ ವ್ಯಾಟ್ ಸಾಮರ್ಥ್ಯ ಸೆಟ್ ಎಳೆಯೋದಕ್ಕಿಂತ ಜಾಸ್ತಿ ಇರಲಿ. ಸೆಟ್ 60 ವ್ಯಾಟ್ ಇದ್ದರೆ ಟ್ರಾನ್ಸ್‌ಫಾರ್ಮರ್ 100 ವ್ಯಾಟ್‌ಗಿಂತ ಕಡಿಮೆ ಬೇಡ. ಕೆಲವು ಸೆಟ್‌ಗಳ ಹಿಂದೆ ವೋಲ್ಟೇಜ್ ಆರಿಸೋ ಸಣ್ಣ ಸ್ವಿಚ್ ಇರುತ್ತೆ. ಅದು 230 ಅಥವಾ 240ರ ಮೇಲಿದೆಯಾ ನೋಡಿಕೊಳ್ಳಿ.

ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ ಆದರೆ ಇನ್ನೊಂದು ಮಾತು. ಇಲಿ ವೈರ್ ಕಡಿದಿರಬಹುದು, ಒಳಗೆ ಹಲ್ಲಿ ಮೊಟ್ಟೆ ಇಟ್ಟಿರಬಹುದು, ಇರುವೆ ಗೂಡು ಕಟ್ಟಿರಬಹುದು. ಕರೆಂಟ್ ವೈರ್‌ನ ಉದ್ದಕ್ಕೂ ಕೈಯಾಡಿಸಿ ನೋಡಿ. ಎಲ್ಲಾದರೂ ತಾಮ್ರ ಕಂಡರೆ ಪ್ಲಗ್ ಹಾಕ್ಲೇಬೇಡಿ, ಮೆಕ್ಯಾನಿಕ್ ಹತ್ರ ಒಯ್ಯಿರಿ. ಮೇಲಿನ ಮುಚ್ಚಳ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ.

ಸ್ಪೀಕರ್ ಜೋಡಣೆ: ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು

ಈ ಕೆಲಸ ಪೂರ್ತಿ ಮುಗಿಯೋವರೆಗೂ ಪ್ಲಗ್ ಹೊರಗೇ ಇರಲಿ.

1. ಸ್ಪೀಕರ್ ವೈರ್‌ನ ತುದಿಯಲ್ಲಿ ಸುಮಾರು 1 ಸೆಂಟಿಮೀಟರ್‌ನಷ್ಟು ಪ್ಲಾಸ್ಟಿಕ್ ಸುಲಿಯಿರಿ. ಎಳೆಗಳನ್ನ ಬತ್ತಿ ಹೊಸೆದ ಹಾಗೆ ಬಿಗಿಯಾಗಿ ಹೊಸೆಯಿರಿ. ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗುತ್ತೆ, ಆಂಪ್ಲಿಫೈಯರ್ ಹೋಗಬಹುದು.

2. ಸೆಟ್‌ನ ಕೆಂಪು ಟರ್ಮಿನಲ್‌ನಿಂದ ಸ್ಪೀಕರ್‌ನ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ಹಾಕಿ. ವೈರ್ ಎರಡೂ ಒಂದೇ ಬಣ್ಣದ್ದಾಗಿದ್ದರೆ ಒಂದರ ಮೇಲೆ ಗೆರೆಯೋ ಏಣೋ ಇರುತ್ತೆ, ಅದನ್ನ ಗುರುತಿಟ್ಟುಕೊಳ್ಳಿ.

3. 'ಎಲ್' ಅಂದರೆ ನೀವು ಸೆಟ್ ಕಡೆ ಮುಖ ಮಾಡಿ ಕೂತಾಗ ನಿಮ್ಮ ಎಡಗಡೆ. 'ಆರ್' ಬಲಗಡೆ.

4. ಸ್ಪೀಕರ್ ಹಿಂದಿನ ಓಮ್ ಸಂಖ್ಯೆ ನೋಡಿ. ಸೆಟ್‌ನಲ್ಲಿ '6–16 ಓಮ್' ಅಂತ ಇದ್ದು, ನೀವು 4 ಓಮ್ ಸ್ಪೀಕರ್ ಹಾಕಿದರೆ ಸೌಂಡ್ ಜಾಸ್ತಿ ಮಾಡಿದಾಗ ಸೆಟ್ ಕಾಯುತ್ತೆ. ಒಂದೇ ಟರ್ಮಿನಲ್‌ಗೆ ಎರಡೆರಡು ಸ್ಪೀಕರ್ ಸಿಕ್ಕಿಸೋ ಅಭ್ಯಾಸ ಅಂಗಡಿಗಳಲ್ಲಿ ಜಾಸ್ತಿ. 8 ಓಮ್‌ನ ಎರಡು ಸ್ಪೀಕರ್ ಹಾಗೆ ಜೋಡಿಸಿದರೆ ಸೆಟ್‌ಗೆ ಅದು 4 ಓಮ್ ಲೆಕ್ಕ.

ಕೆಂಪು-ಕಪ್ಪು ಒಂದು ಕಡೆ ಅದಲುಬದಲಾದರೆ ಸೆಟ್ ಸುಡಲ್ಲ. ಆದರೆ ಒಂದು ಸ್ಪೀಕರ್ ಮುಂದಕ್ಕೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ತಬಲಾದ ಡಗ್ಗಾ ಸದ್ದು ಸೊರಗಿ ಹೋಗುತ್ತೆ. ಪರೀಕ್ಷೆ ಸುಲಭ. ಒಬ್ಬರೇ ಹಾಡಿರೋ ಹಾಡು ಹಾಕಿ, ಎರಡು ಸ್ಪೀಕರ್‌ಗಳ ಮಧ್ಯಕ್ಕೆ ಎದುರಾಗಿ ಕೂತ್ಕೊಳ್ಳಿ. ಧ್ವನಿ ನಟ್ಟನಡುವಿನಿಂದ ಬಂದರೆ ಜೋಡಣೆ ಸರಿ ಇದೆ. ಎಲ್ಲಿಂದ ಬರ್ತಿದೆ ಅನ್ನೋದೇ ತಿಳಿಯದಿದ್ದರೆ ಒಂದು ಸ್ಪೀಕರ್‌ನ ವೈರ್ ಮಾತ್ರ ತಿರುಗಿಸಿ ಹಾಕಿ.

ಎಲ್ಲಿ ಇಡಬೇಕು?

ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ, ನೀವು ಕೂರೋ ಜಾಗಕ್ಕೂ ಹೆಚ್ಚುಕಮ್ಮಿ ಅಷ್ಟೇ ದೂರ ಇರಲಿ. ಆರು ಅಡಿ, ಏಳು ಅಡಿ ಸಾಕು. ಸ್ಪೀಕರ್ ಕಿವಿಯ ಎತ್ತರಕ್ಕೆ ಬರಲಿ. ಮೂಲೆಗೆ ಒತ್ತಿ ಇಟ್ಟರೆ ಬೇಸ್ ಗುಂಯ್‌ಗುಡುತ್ತೆ, ಗೋಡೆಯಿಂದ ಒಂದಡಿ ಈಚೆಗಿಡಿ. ಆರ್‌ಸಿಸಿ ಮನೆಯಲ್ಲಿ ಟೈಲ್ಸ್ ನೆಲ, ಬೋಳು ಗೋಡೆ ಇದ್ದರೆ ಸದ್ದು ಮಾರ್ದನಿಸುತ್ತೆ. ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ. ಸಾವಿರಾರು ರೂಪಾಯಿ ಖರ್ಚಿಲ್ಲದೆ ಅರ್ಧ ಸಮಸ್ಯೆ ಬಗೆಹರಿಯುತ್ತೆ.

ಸೆಟ್ ಮೇಲೆ ಬಟ್ಟೆ ಹೊದಿಸಿ ಹಾಡು ಹಾಕಬೇಡಿ, ಬಿಸಿ ಹೊರಗೆ ಹೋಗೋಕೆ ಮೇಲಿನ ಕಿಂಡಿಗಳು ತೆರೆದಿರಬೇಕು. ಆಫ್ ಮಾಡಿ, ತಣ್ಣಗಾದ ಮೇಲೆ ಹೊದಿಸಿ. ಮಲೇಬೆನ್ನೂರು ಸುತ್ತಿನ ನಮ್ಮ ಭತ್ತದ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಹೊಟ್ಟಿನ ಧೂಳು ಮನೆಯೊಳಗೂ ಬರುತ್ತೆ. ಆಗ ಸಿಡಿ ಟ್ರೇ ತೆರೆದಿಟ್ಟು ಹೋಗಬೇಡಿ, ಆ ಧೂಳು ನೇರ ಲೆನ್ಸ್ ಮೇಲೆ ಕೂರುತ್ತೆ.

ರೇಡಿಯೋ, ಮೊಬೈಲ್, ಟಿವಿ

ಎಫ್‌ಎಂಗೆ ಕೊಟ್ಟಿರೋ ವೈರ್ ಆಂಟೆನಾ ಸುತ್ತಿಡಬೇಡಿ, ಪೂರ್ತಿ ಬಿಚ್ಚಿ ಗೋಡೆಗೆ ಟೇಪ್ ಹಚ್ಚಿ. ಎಎಂಗೆ ಚೌಕಾಕಾರದ ಲೂಪ್ ಬೇರೆ ಇರುತ್ತೆ. ಅದನ್ನ ತಿರುಗಿಸ್ತಾ ಹೋದರೆ ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್‌ನಲ್ಲಿ ಎಲ್ಲಿ ಚೆನ್ನಾಗಿ ಕೇಳುತ್ತೋ ಅಲ್ಲಿ ನಿಲ್ಲಿಸಿ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಹತ್ತಿರ ಇದ್ದರೆ ಎಎಂನಲ್ಲಿ ಗೊರಗೊರ ಬರುತ್ತೆ, ದೂರ ಸರಿಸಿ.

ಮೊಬೈಲ್‌ನಿಂದ ಹಾಡು ಕೇಳಬೇಕಾದರೆ ಬ್ಲೂಟೂತ್ ಇಲ್ಲದ ಹಳೇ ಸೆಟ್ ಆದರೂ ಚಿಂತೆಯಿಲ್ಲ. ಒಂದು ತುದಿಗೆ ಇಯರ್‌ಫೋನ್ ಪಿನ್, ಇನ್ನೊಂದು ತುದಿಗೆ ಕೆಂಪು-ಬಿಳಿ ಪಿನ್ ಇರೋ ವೈರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತೆ. ಅದನ್ನ 'ಆಕ್ಸ್' ಅಂತ ಬರೆದ ಜಾಗಕ್ಕೆ ಹಾಕಿ. 'ಫೋನೋ' ಅಂತ ಇರೋ ಜಾಗಕ್ಕೆ ಹಾಕಬೇಡಿ. ಅದು ಫೋನ್‌ಗಲ್ಲ, ಗ್ರಾಮಫೋನ್ ತಟ್ಟೆಯ ಪ್ಲೇಯರ್‌ಗೆ. ಅಲ್ಲಿ ಮೊಬೈಲ್ ಹಾಕಿದರೆ ಕರ್ಕಶವಾಗಿ ಕಿರುಚುತ್ತೆ.

ಹೊಸ ಟಿವಿಗಳಲ್ಲಿ ಬರೀ 'ಆಪ್ಟಿಕಲ್' ರಂಧ್ರ ಇದ್ದು ಸೆಟ್‌ನಲ್ಲಿ ಅದಿಲ್ಲದಿದ್ದರೆ ನಡುವೆ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸೋ ಸಣ್ಣ ಡಬ್ಬಿ ಬೇಕು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ 'ಪಿಸಿಎಂ' ಆರಿಸಿ, ಇಲ್ಲದಿದ್ದರೆ ಸದ್ದೇ ಬರದಿರಬಹುದು.

ಈಗ ಆನ್ ಮಾಡಿ

ವಾಲ್ಯೂಮ್ ಪೂರ್ತಿ ಕಡಿಮೆ ಮಾಡಿ, ಆಮೇಲೆ ಪ್ಲಗ್, ಆಮೇಲೆ ಸ್ವಿಚ್. ಸಿಡಿಯ ಬರಹ ಇರೋ ಮುಖ ಮೇಲೆ ಬರಲಿ. ಹಾಡು ಶುರುವಾದ ಮೇಲೆ ನಿಧಾನಕ್ಕೆ ಸೌಂಡ್ ಏರಿಸಿ. 'ರಿಪೀಟ್' ಒತ್ತಿದರೆ ಮತ್ತೆ ಮತ್ತೆ, 'ರ‍್ಯಾಂಡಮ್' ಒತ್ತಿದರೆ ಹಿಂದುಮುಂದಾಗಿ, 'ಪ್ರೋಗ್ರಾಂ' ಒತ್ತಿ ಹಾಡಿನ ನಂಬರ್ ಕೊಟ್ಟರೆ ನಿಮಗೆ ಬೇಕಾದ ಕ್ರಮದಲ್ಲಿ ಬರುತ್ತೆ.

ಸಿಡಿ ಓಡದಿದ್ದರೆ ತಕ್ಷಣ ಸೆಟ್ ಕೆಟ್ಟಿದೆ ಅನ್ನಬೇಡಿ. ಡಿವಿಡಿ, ವಿಸಿಡಿ ಇಂಥ ಸೆಟ್‌ನಲ್ಲಿ ಓಡಲ್ಲ. ಎಂಪಿ3 ತುಂಬಿದ ಸಿಡಿ ಎಲ್ಲ ಸೆಟ್‌ನಲ್ಲೂ ಓಡಲ್ಲ. ಕಂಪ್ಯೂಟರ್‌ನಲ್ಲಿ ಬರೆದ ಸಿಡಿಯನ್ನ 'ಫೈನಲೈಸ್' ಮಾಡದಿದ್ದರೂ ಓಡಲ್ಲ. ಡಿಸ್‌ಪ್ಲೇಯಲ್ಲಿ 'ಪ್ರೊಟೆಕ್ಟ್' ಅಂತ ಬಂದರೆ ಆಫ್ ಮಾಡಿ, ಪ್ಲಗ್ ತೆಗೆದು ಸ್ಪೀಕರ್ ವೈರ್ ಎಲ್ಲಾದರೂ ತಾಗಿಕೊಂಡಿದೆಯಾ ನೋಡಿ.

ಮಳೆಗಾಲದಲ್ಲಿ ಗುಡುಗು ಶುರುವಾಯ್ತೋ, ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತಿಡಿ, ಮನೆ ಹೊರಗೆ ಆಂಟೆನಾ ಕಟ್ಟಿದ್ದರೆ ಸಿಡಿಲಿನ ಸದ್ದು ಕೇಳೋ ಮೊದಲೇ ಅದನ್ನೂ ತೆಗೀರಿ. ಕರೆಂಟ್ ಹೋಗಿ ಬರೋವಾಗ ವೋಲ್ಟೇಜ್ ಒಮ್ಮೆಲೇ ಏರೋದುಂಟು, ಬಂದು ಎರಡು ನಿಮಿಷ ಆದ ಮೇಲೆ ಆನ್ ಮಾಡಿ. ಹಳೇ ಸ್ಕ್ವೇರ್‌ವೇವ್ ಯುಪಿಎಸ್‌ನಲ್ಲಿ ಸೆಟ್ ಹಾಕಿದರೆ ಜುಂಯ್ ಅನ್ನೋ ಸದ್ದು ಬರುತ್ತೆ, ಅದು ಸೆಟ್‌ನ ತಪ್ಪಲ್ಲ.

ಅಂಗಡಿಯವರು ಗಮನಿಸಿ

ಮನೆಗೆ ಅಂತ ಕೊಂಡ ಸಿಡಿಯನ್ನ ಹೋಟೆಲ್, ಬೇಕರಿ, ಸಲೂನ್‌ನಲ್ಲಿ ಗಿರಾಕಿಗಳಿಗೆ ಕೇಳಿಸೋದು ಬೇರೆ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದಕ್ಕೆ ಹಕ್ಕುದಾರರ ಪರವಾನಗಿ ಬೇಕಾಗುತ್ತೆ. ಧಾರ್ಮಿಕ ವಿಧಿ, ಮದುವೆ ಮೆರವಣಿಗೆಯಂಥವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ದಿನದ ವ್ಯಾಪಾರಕ್ಕೆ ಇಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವ್ಯಾಪಾರದ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್ ಮಿತಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6.

ಹೊಸ ಸೆಟ್ ಮಾರೋವಾಗ ಬಿಲ್, ವಾರಂಟಿ ಕಾರ್ಡ್‌ಗೆ ಸೀಲು ಹಾಕಿ ಕೊಡಿ. ಕೊಳ್ಳೋರು ಕೇಳಿ ಪಡೀರಿ. ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಆದರೆ ಕೈಯಲ್ಲಿ ಬಿಲ್ ಇದ್ದರೆ ಮಾತಿಗೆ ತೂಕ.

ಸಿಡಿ ಜೋಪಾನ: ಹೆದರಬೇಕಾದ್ದು ಮೇಲಿನ ಗೀರಿಗೆ

ಹೊಳೆಯೋ ಮುಖಕ್ಕೆ ಗೀರು ಬಿದ್ದರೆ ಸಿಡಿ ಹೋಯ್ತು ಅಂತ ತುಂಬಾ ಜನ ತಿಳಿದಿದ್ದಾರೆ. ನಿಜ ಹೇಳಬೇಕಂದ್ರೆ ಹಾಡು ಇರೋ ಪದರ ಬರಹದ ಮುಖದ ಕೆಳಗೇ, ಕೂದಲೆಳೆಯಷ್ಟು ತೆಳುವಾದ ಲೇಪದಡಿ ಇದೆ. ಹೊಳೆಯೋ ಕಡೆಯಿಂದ ಅಲ್ಲಿಗೆ ಒಂದು ಮಿಲಿಮೀಟರ್‌ಗಿಂತ ದಪ್ಪದ ಪ್ಲಾಸ್ಟಿಕ್ ಅಡ್ಡ ಇರುತ್ತೆ. ಹಾಗಾಗಿ ಬರಹದ ಮುಖಕ್ಕೆ ಬಾಲ್‌ಪೆನ್ನಲ್ಲಿ ಒತ್ತಿ ಬರೀಬೇಡಿ, ಸ್ಟಿಕ್ಕರ್ ಅಂಟಿಸಬೇಡಿ, ಅಂಟಿಸಿದ್ದರೆ ಕೀಳಬೇಡಿ.

ಒರೆಸೋವಾಗ ಮೆತ್ತನೆ ಹತ್ತಿ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಿದರೆ ಗೀರು ಹಾಡಿನ ಸಾಲಿನ ಉದ್ದಕ್ಕೇ ಬೀಳುತ್ತೆ, ಆಗ ಸೆಟ್‌ಗೆ ಓದೋದು ಕಷ್ಟ. ಸೀಮೆಎಣ್ಣೆ, ಥಿನ್ನರ್ ಸೋಕಿಸಬೇಡಿ. ಬಿಸಿಲು ಬೀಳೋ ಕಿಟಕಿ ಪಕ್ಕ ಇಡಬೇಡಿ.

ಆ ಬಿಳಿ ಸಿಡಿ ಉಳಿಸಿಕೊಳ್ಳಿ

ಕಂಪನಿ ಸಿಡಿಯಲ್ಲಿ ಹಾಡು ಅಚ್ಚೊತ್ತಿರುತ್ತೆ. ನಾವು ಕಂಪ್ಯೂಟರ್‌ನಲ್ಲಿ ಬರೆಸಿದ ಸಿಡಿಯಲ್ಲಿ ಅದು ಒಂದು ಬಣ್ಣದ ಪದರದ ಮೇಲಿರುತ್ತೆ. ಬಿಸಿಲು, ಸೆಖೆ, ತೇವಕ್ಕೆ ಆ ಬಣ್ಣ ಮಾಸುತ್ತೆ. ಹೊರಗೆ ನೋಡೋಕೆ ಚೆನ್ನಾಗಿದ್ದರೂ ಒಳಗೆ ಅಳಿಸಿಹೋಗ್ತಿರಬಹುದು. ಇವತ್ತು ಓಡೋ ಸಿಡಿ ಮುಂದಿನ ಹಬ್ಬಕ್ಕೆ ಓಡುತ್ತೆ ಅನ್ನೋ ಖಾತ್ರಿ ಇಲ್ಲ.

ಹಾಗಾಗಿ ಸೆಟ್ ಜೋಡಿಸಿದ ದಿನವೇ ಇದೊಂದು ಕೆಲಸ ಮಾಡಿ. ಸಿಡಿ ಡ್ರೈವ್ ಇರೋ ಕಂಪ್ಯೂಟರ್‌ನಲ್ಲಿ ಹಾಡುಗಳನ್ನ 'ವೇವ್' ಅಥವಾ 'ಫ್ಲ್ಯಾಕ್' ರೂಪದಲ್ಲಿ ಇಳಿಸಿಕೊಳ್ಳಿ. ವೇವ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಸಿಡಿ ಪೂರ್ತಿ ಸಣ್ಣ ಪೆನ್‌ಡ್ರೈವ್‌ನಲ್ಲೂ ಹಿಡಿಸುತ್ತೆ. ಒಂದು ಡ್ರೈವ್ ಓದದಿದ್ದರೆ ಬಿಡಬೇಡಿ, ಎರಡು ಮೂರು ಕಡೆ ಹಾಕಿ ನೋಡಿ. ಒಂದು ಯಂತ್ರ ಒಲ್ಲೆ ಅಂದಿದ್ದನ್ನ ಇನ್ನೊಂದು ಓದೋದುಂಟು. ಕಂಪ್ಯೂಟರ್ ಓದದೆ ಸೆಟ್ ಮಾತ್ರ ಓದಿದರೆ, ಸೆಟ್‌ನ 'ರೆಕಾರ್ಡ್ ಔಟ್'ನಿಂದ ಕಂಪ್ಯೂಟರ್‌ನ 'ಲೈನ್ ಇನ್'ಗೆ ವೈರ್ ಹಾಕಿ, 'ಅಡಾಸಿಟಿ' ಅನ್ನೋ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಲ್ಲಿರೋ ತಂಗಿಯ ಹತ್ರ ಇರಲಿ. ಫೈಲಿಗೆ ಹಾಡಿದವರ ಹೆಸರು, ಊರು, ವರ್ಷ ಬರೆದಿಡಿ. ಅದು ಯಾರ ದನಿ ಅಂತ ಗುರುತು ಹಿಡಿಯೋ ಹಿರಿಯರು ಮನೆಯಲ್ಲಿ ಇರೋವಾಗಲೇ ಈ ಕೆಲಸ ಮುಗಿಸಿದರೆ ಒಳ್ಳೇದು.