ಮೊಲಕ್ಕೆ ಕಾಲೆಷ್ಟು, ಕುಲವೆಷ್ಟು?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರನ್ನು ನಾವೆಲ್ಲರೂ ಕಂಡಿದ್ದೇವೆ. ಸಾಕುಮೊಲದ ವಂಶಾವಳಿಯ ವಿಷಯದಲ್ಲಿಯೂ ಬಹುಕಾಲ ಇಂಥದೇ ಹಟ ನಡೆದಿತ್ತು. ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿಯವರು ಮೊಲದ ಎಳೆಮರಿಯು ಉಪವಾಸಕಾಲಕ್ಕೆ ನಿಷಿದ್ಧವಲ್ಲವೆಂದು ಅಪ್ಪಣೆಯಿತ್ತರೆಂದೂ, ಅಂದಿನಿಂದ ಫ್ರಾನ್ಸಿನ ಮಠವಾಸಿಗಳು ಮೊಲ ಸಾಕತೊಡಗಿದರೆಂದೂ ಒಂದು ಕತೆ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿತು. 2018ರಲ್ಲಿ ಸಂಶೋಧಕರು ಮೂಲವನ್ನು ಶೋಧಿಸಲಾಗಿ, ಅಂತಹ ಅಪ್ಪಣೆಯೇ ಇರಲಿಲ್ಲವೆಂದು ತಿಳಿಯಿತು.

ಕಾಗದವು ಕೈಕೊಟ್ಟಾಗ ರಕ್ತದ ಸಾಕ್ಷ್ಯವನ್ನೇ ಕೇಳಬೇಕಷ್ಟೆ. ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಎಳೆಯಲ್ಲಿ ಕೆಲವೆಡೆ ಎರಡು ಮೂರು ಅಕ್ಷರಗಳ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. ಒಂದೇ ಪದವನ್ನು ಇಪ್ಪತ್ತು ಸಲ ನಕಲು ಮಾಡುವ ಗುಮಾಸ್ತನು ಕಣ್ತಪ್ಪಿ ಒಂದನ್ನು ಹೆಚ್ಚಿಗೆ ಬರೆದಾನು, ಇಲ್ಲವೆ ಒಂದನ್ನು ಬಿಟ್ಟಾನು. ಪ್ರಕೃತಿಯೂ ಇಲ್ಲಿ ಹಾಗೆಯೇ ತಪ್ಪುತ್ತದೆ; ಆ ತಪ್ಪು ಸಂತತಿಗೆ ಇಳಿದುಬರುತ್ತದೆ. ಮೈಕ್ರೋಸ್ಯಾಟಲೈಟ್ ಎಂಬ ಈ ಅಣುಗುರುತುಗಳನ್ನು ಎಣಿಸಿ ಹೋಲಿಸಿದರೆ, ಯಾವ ತಳಿ ಯಾವುದಕ್ಕೆ ಹತ್ತಿರ, ಯಾವುದರಲ್ಲಿ ವೈವಿಧ್ಯ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ.

ಡಿ.ಎನ್.ಎ.ಯನ್ನು ಆದ್ಯಂತ ಓದಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಮುಂದೆ ಹೋಯಿತು. ತುಪ್ಪಳದ ಅಂಗೋರಾ ಆಗಲಿ, ಹೆಸರಿಗೆ ನ್ಯೂಜಿಲೆಂಡಿನದಾದರೂ ಅಮೆರಿಕದಲ್ಲಿ ರೂಪುಗೊಂಡ ನ್ಯೂಜಿಲೆಂಡ್ ವೈಟ್ ಆಗಲಿ, ಎಲ್ಲವುಗಳ ಮೂಲ ಫ್ರಾನ್ಸಿನ ಕಾಡುಮೊಲವೇ. ಸ್ಪೇನ್-ಪೋರ್ಚುಗಲ್ ಕಾಡುಮೊಲಗಳಲ್ಲಿ ವೈವಿಧ್ಯ ಅಧಿಕ, ಫ್ರಾನ್ಸಿನಲ್ಲಿ ಕಡಮೆ, ಸಾಕುಗೂಡಿನಲ್ಲಿ ಇನ್ನೂ ಕಡಮೆ.

ಕಡಮೆಯಾದರೆ ನಷ್ಟವೇನು? ಒಂದೇ ಗೂಡಿನ ಒಡಹುಟ್ಟುಗಳನ್ನು ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಹೋದರೆ ಮರಿಗಳ ಸಂಖ್ಯೆ ಇಳಿಯುತ್ತದೆ, ಹುಟ್ಟಿದವು ಬಲಗುಂದುತ್ತವೆ, ಬೇನೆ ಬಂದರೆ ಗೂಡಿಗೆ ಗೂಡೇ ಬರಿದಾದೀತು. ಮದುವೆಗೆ ಮುನ್ನ ಗೋತ್ರ, ಬಳಿ, ಬೆಡಗು ವಿಚಾರಿಸುವ ನಮ್ಮವರಿಗೆ ಇದು ಹೊಸ ಮಾತಲ್ಲ.

ನಮ್ಮೂರ ಹೊಲಗಳಲ್ಲಿ ನೆಗೆಯುವ ಮೊಲವು ಈ ಕುಲದ್ದಲ್ಲ. ಭಾರತದ ಸಾಕುಮೊಲಗಳು ಹೊರನಾಡಿನಿಂದ ಬಂದವು. ಕೊಡೈಕಾನಲ್ ಬಳಿಯ ಮನ್ನವನೂರಿನ ಸರಕಾರಿ ಸಂಶೋಧನ ಕೇಂದ್ರದಲ್ಲಿ ಸಾಕಿರುವ ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ತಳಿಗಳೂ ಅಂಥವೇ. ತಂದ ಮೂಲಧನ ಅಲ್ಪವಾದಾಗ ಲೆಕ್ಕ ಬಿಗಿಯಾಗಿರಬೇಕು. ನಾಲ್ಕು ಮೊಲ ಸಾಕಿ ಜೀವನ ಸಾಗಿಸುವ ರೈತನು ಹೊಸ ಗಂಡನ್ನು ಕೊಳ್ಳುವಾಗ ಬಣ್ಣವೊಂದನ್ನೇ ನಂಬಿದರೆ ಸಾಲದು. ಬಣ್ಣ ಬೇರೆಯಾದರೂ ರಕ್ತ ಹತ್ತಿರದ್ದಾಗಿರಬಹುದು. ಅದನ್ನು ತಿಳಿಸಬಲ್ಲವು ಈ ಅಣುಗುರುತುಗಳು.

ಮೂರೇ ಕಾಲು ಎನ್ನುವವನೊಡನೆ ವಾದವೇಕೆ? ಮೊಲವನ್ನು ಕೆಳಗಿಳಿಸಿ ಎಣಿಸಿದರಾಯಿತು.